ಕಾಕಾನಿಗೆ ಕಾಣದ ಜಾಹೀರಾತು

ಇವತ್ತು ಮಧ್ಯಾಹ್ನ ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ, ನಮ್ಮ ಕಾಕಾನ ಅಂಗಡಿಯಲ್ಲಿ ಕುಳಿತಿದ್ದಾಗ ಏರಿದ ಸಿಟ್ಟು ಈ ರಾತ್ರಿಯವರೆಗೂ ಇಳಿದಿಲ್ಲ. ಬಹಳ ವರ್ಷಗಳಿಂದ ಅವರಲ್ಲಿಗೇ ಬರುವ ತಾಯಿಯೊಬ್ಬರು ಗಾದಿಯ ಮೇಲೆ ಹರಡಿದ್ದ ಇಳಕಲ್ ಸೀರೆಯನ್ನು ಬದಿಗೆ ಸರಿಸಿ, ಫೋನು ಮುಂದೆ ಹಿಡಿದು, "ಅಣ್ಣಾರ, ಇದ ಇಳಕಲ್ ಸೀರಿ ಫೋನ್ಯಾಗ 599ಕ್ಕ ಬರಾಕತ್ತೈತಿ, ನೀವ್ಯಾಕ ಇಷ್ಟ ಹೇಳ್ತೀರಿ?" ಎಂದು ಕೇಳಿದರು. ಕಾಕಾ ತಮ್ಮ ಫೋನು ತೆಗೆದು ಅದೇ ಜಾಹೀರಾತನ್ನು ಹುಡುಕಿದರು. ಎಷ್ಟು ಹೊತ್ತು ಬೆರಳಾಡಿಸಿದರೂ ಅದು ಬರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, "ಏನವಾ, ನನ್ನ ಫೋನ್ಯಾಗ ಯಾಕ ಕಾಣವಲ್ದಿದು?" ಎಂದರು.

ಕಾಣುವುದಿಲ್ಲ, ಏಕೆಂದರೆ ಅದನ್ನು ಅವರಿಗೆಂದು ಹಾಕಿಲ್ಲ. ಫೋನಿನ ಜಾಹೀರಾತನ್ನು ಯಾರಿಗೆ ತೋರಿಸಬೇಕೆಂದು ಆಯ್ದು ಹಾಕುವುದೇ ಬೆಂಗಳೂರಿನಲ್ಲಿ ನಾನು ಮಾಡಿಕೊಂಡು ಬಂದಿರುವ ಕೆಲಸ. ಹುಬ್ಬಳ್ಳಿ-ಧಾರವಾಡದ ಸುತ್ತಮುತ್ತ, ಮಹಿಳೆಯರು, ಇಂತಿಷ್ಟು ವಯಸ್ಸು, ಸೀರೆಯಲ್ಲಿ ಆಸಕ್ತಿ ಎಂದು ಗುರುತು ಹಾಕಿಬಿಟ್ಟರೆ, ಅದೇ ಓಣಿಯಲ್ಲಿ ಅದೇ ಸರಕನ್ನು ಮಾರುವ ಅರವತ್ತು ದಾಟಿದ ಗಂಡಸಿನ ಕಣ್ಣಿಗೆ ಆ ಜಾಹೀರಾತು ಬೀಳುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ತನ್ನ ಗಿರಾಕಿಗೆ ಯಾರು, ಯಾವ ದರಕ್ಕೆ, ಏನೆಂದು ಹೇಳಿ ಮಾರುತ್ತಿದ್ದಾರೆ ಎಂಬುದೇ ಅಂಗಡಿಕಾರನಿಗೆ ತಿಳಿಯದಿದ್ದರೆ ಅದನ್ನು ಪೈಪೋಟಿ ಎಂದು ನಾನು ಹೇಗೆ ಒಪ್ಪಲಿ?

ಜವಳಿ ಸಾಲಿನಲ್ಲಿ ಪೈಪೋಟಿ ಇಲ್ಲವೆಂದಲ್ಲ. ಎದುರಂಗಡಿಯವರು ಹಬ್ಬಕ್ಕೆ ರಿಯಾಯಿತಿಯ ಬ್ಯಾನರ್ ಕಟ್ಟಿದರೆ ಸಂಜೆಯೊಳಗೆ ಕಾಕಾ ತಮ್ಮ ದರವನ್ನು ನೋಡಿಕೊಳ್ಳುತ್ತಾರೆ. ಬ್ಯಾನರಿನಲ್ಲಿ ಸುಳ್ಳಿದ್ದರೆ ಇಡೀ ಓಣಿ ಕೇಳುತ್ತದೆ. ಫೋನಿನೊಳಗಿನ ಬ್ಯಾನರನ್ನು ಓಣಿ ನೋಡುವುದೇ ಇಲ್ಲ. ಆ ತಾಯಿಯ ಫೋನನ್ನು ನಾನು ಕೈಗೆ ತೆಗೆದುಕೊಂಡು ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದೆ, "ಪ್ರಿಂಟೆಡ್" ಎಂದಿತ್ತು. ನಿಜವಾದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದನೆಯ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿ, ಟೋಪ್ ತೆನಿ ಎಂಬ ವಿನ್ಯಾಸದ ಸೆರಗನ್ನು ನೇಯುತ್ತಾರೆ. ಅದಕ್ಕೆ ಭೌಗೋಳಿಕ ಸೂಚಿಕೆಯ, ಅಂದರೆ ಊರಿನ ಹೆಸರಿನ ಸರಕನ್ನು ನಕಲಿನಿಂದ ಕಾಯುವ ಜಿಐ ಗುರುತಿನ, ರಕ್ಷಣೆಯಿದೆ. ಕಾಕಾ ಸೀರೆಯನ್ನು ತಿರುವಿ ಹಾಕಿ ಆ ಜೋಡಣೆಯನ್ನು ಬೆರಳಿಟ್ಟು ತೋರಿಸಿದಾಗ ಆ ತಾಯಿಗೆ ವ್ಯತ್ಯಾಸ ತಿಳಿಯಿತು. ಆದರೆ ಅವರು ಅಂಗಡಿಗೆ ಬಂದಿದ್ದರಿಂದ ತಿಳಿಯಿತು. ಬಾರದೇ ಉಳಿದವರ ಮುಂದೆ ಕಾಕಾ ಯಾವ ಸೆರಗನ್ನು ತಿರುವಿ ತೋರಿಸಬೇಕು?

"ಅಂಗಡಿಯವರೂ ಜಾಹೀರಾತು ಹಾಕಲಿ, ದಿನಕ್ಕೆ ಇನ್ನೂರು ರೂಪಾಯಿ ಸಾಕು" ಎಂಬ ಮಾತನ್ನು ನನ್ನ ವೃತ್ತಿಯ ಗೆಳೆಯರೇ ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆ ಯಂತ್ರದ ಒಳಗನ್ನು ಬಲ್ಲೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯ ಜಾಹೀರಾತು ಜಾಗ ಹರಾಜಿನಲ್ಲಿ ಹೋಗುತ್ತದೆ, ಮತ್ತು ಆ ಹರಾಜಿನಲ್ಲಿ ಕೂಗಿದ ಹಣ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ನೋಡಿದವರು ಕೊಳ್ಳುವ ಸಂಭವ ಎಷ್ಟು ಎಂಬ ಅಂದಾಜೂ, ಜಾಹೀರಾತಿನ ಗುಣಮಟ್ಟವೂ ಸೇರುತ್ತವೆ. ಆ ಅಂದಾಜು ಸ್ಥಿರವಾಗಲು ವಾರಕ್ಕೆ ಸುಮಾರು 50 ಖರೀದಿಗಳಾದರೂ ದಾಖಲಾಗಬೇಕೆಂದು ಕಂಪನಿಯೇ ಹೇಳುತ್ತದೆ. ವೆಬ್‌ಸೈಟಿನಲ್ಲಿ ಮಾರುವವರ ಬಳಿ ಆದ ಖರೀದಿಗಳ ಸುದ್ದಿ ಪಿಕ್ಸೆಲ್ ಎಂಬ ಪುಟ್ಟ ಕೋಡಿನ ಮೂಲಕ ಅಲ್ಲಿಗೆ ತಲುಪುತ್ತದೆ. ಅವರು ತಮ್ಮ ಗಿರಾಕಿಗಳ ಫೋನ್ ನಂಬರುಗಳ ಪಟ್ಟಿಯನ್ನು ಏರಿಸಿ, ಅಂಥವರನ್ನೇ ಹೋಲುವ ಇನ್ನಷ್ಟು ಜನರನ್ನು ಹುಡುಕಿಸಿಕೊಳ್ಳಬಹುದು. ಕಾಕಾನ ಗಿರಾಕಿ ಗಾದಿಯ ಮೇಲೆ ಕುಳಿತು, ಚಹಾ ಕುಡಿದು, ನೋಟು ಎಣಿಸಿಕೊಟ್ಟು ಹೋಗುತ್ತಾರೆ. ಆ ಖರೀದಿ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ಇನ್ನೂರು ರೂಪಾಯಿ ಕೊಟ್ಟರೂ ಕಾಕಾ ಕುರುಡಾಗಿಯೇ ಹರಾಜು ಕೂಗಬೇಕು.

ಅಗ್ಗವಾಗಿ ಸಿಕ್ಕರೆ ಕೊಳ್ಳುವವರಿಗೆ ಲಾಭವಲ್ಲವೇ ಎಂದೂ ಕೇಳುತ್ತಾರೆ. ಅಗ್ಗದ ಪ್ರಿಂಟೆಡ್ ಸೀರೆ ಬೇಕಾದವರು ಅದನ್ನೇ ಕೊಳ್ಳಲಿ, ಅದು ಅವರ ಹಕ್ಕು. ಯಾರೂ ಪ್ರಶ್ನಿಸಲಾಗದ ಜಾಗದಲ್ಲಿ ಅದನ್ನು ಇಳಕಲ್ ಎಂದು ನಂಬಿಸಿ ಮಾರುತ್ತಿದ್ದಾರೆ ಎಂಬುದೇ ನನ್ನ ತಕರಾರು.

ಕಾನೂನು ಇಲ್ಲವೇ ಎಂದರೆ, ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ ದಂಡವಿದೆ. ಆದರೆ ದೂರು ಕೊಡಬೇಕಾದರೆ ಮೊದಲು ಅದು ಕಣ್ಣಿಗೆ ಬೀಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು ನಿಷೇಧಿಸುವ ಕಲಮು ಇದೆ, ಅಂದರೆ ಗುರಿಯಿಟ್ಟು ತೋರಿಸುವುದರ ಬಲವೇನೆಂಬುದು ನಮ್ಮ ಸಂಸತ್ತಿಗೆ ಗೊತ್ತಿದೆ. ಮೆಟಾದ ಜಾಹೀರಾತು ಸಂಗ್ರಹದಲ್ಲಿ ಸದ್ಯ ಓಡುತ್ತಿರುವ ಜಾಹೀರಾತನ್ನು ಹುಡುಕಬಹುದು ನಿಜ. ಆದರೆ ಸೀರೆಯಂಥ ಸಾಮಾನ್ಯ ಸರಕಿನ ಜಾಹೀರಾತನ್ನು ಯಾರಿಗೆಂದು ಗುರಿಯಿಟ್ಟಿದ್ದರು ಎಂಬುದು ನಮಗೆ ಅಲ್ಲಿ ಸಿಗುವುದಿಲ್ಲ, ನಿಲ್ಲಿಸಿದ ಮೇಲೆ ಜಾಹೀರಾತೂ ಅಲ್ಲಿ ಉಳಿಯುವುದಿಲ್ಲ. ಯುರೋಪಿನ ಒಕ್ಕೂಟದಲ್ಲಿ ಡಿಜಿಟಲ್ ಸೇವೆಗಳ ಕಾಯ್ದೆಯ ಪ್ರಕಾರ ದೊಡ್ಡ ಜಾಲತಾಣಗಳು ಪ್ರತಿಯೊಂದು ಜಾಹೀರಾತನ್ನೂ, ಅದಕ್ಕೆ ಹಣ ಕೊಟ್ಟವರನ್ನೂ, ಯಾರನ್ನು ಗುರಿಯಾಗಿಸಿದ್ದರೆಂಬುದನ್ನೂ, ಎಷ್ಟು ಜನಕ್ಕೆ ತಲುಪಿತೆಂಬುದನ್ನೂ, ಕೊನೆಯ ಬಾರಿ ತೋರಿಸಿದ ನಂತರ ಒಂದು ವರ್ಷದವರೆಗೆ ಸಾರ್ವಜನಿಕವಾಗಿ ಇಡಬೇಕು. ಅಲ್ಲಿನ ಅಂಗಡಿಕಾರನಿಗೆ ಅದೇ ಕಂಪನಿ ತೆರೆದು ತೋರಿಸುವುದನ್ನು ಹುಬ್ಬಳ್ಳಿಯ ಅಂಗಡಿಕಾರನಿಗೆ ಏಕೆ ಮುಚ್ಚಿಡಬೇಕು? ಆ ವ್ಯವಸ್ಥೆ ಇಲ್ಲಿಗೂ ಬರಬೇಕು; ನಮ್ಮ ವ್ಯಾಪಾರಿ ಸಂಘಗಳು ಸಂಸದರ ಬಳಿ ಮೊದಲು ಕೇಳಬೇಕಾದದ್ದು ಇದನ್ನೇ.

ಅಲ್ಲಿಯವರೆಗೆ ನಿಮ್ಮಿಂದ ಒಂದು ಸಹಾಯ ಬೇಕು. ಇಳಕಲ್ ಸೀರೆ ಅಥವಾ ಗುಳೇದಗುಡ್ಡದ ಖಣ ಎಂಬ ಹೆಸರಿನ ಜಾಹೀರಾತು ನಿಮ್ಮ ಫೋನಿನಲ್ಲಿ ಕಂಡರೆ, ಸಣ್ಣ ಅಕ್ಷರಗಳೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಪುಟದ ಹೆಸರು ಮತ್ತು ದಿನಾಂಕದೊಂದಿಗೆ ನನಗೆ ಇನ್‌ಬಾಕ್ಸ್ ಮಾಡಿ. ಹೆಸರು ಒಂದು, ಸರಕು ಇನ್ನೊಂದು ಆಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ನೀವೇ ದಾಖಲಿಸಿದರೆ ಇನ್ನೂ ಒಳ್ಳೆಯದು. ಬಂದದ್ದನ್ನೆಲ್ಲ ಕಾಕಾನಿಗೂ ತೋರಿಸುತ್ತೇನೆ.