ಹುಬ್ಬಳ್ಳಿಗೆ ಬೇಕಾದದ್ದು ವಸ್ತಿ ವಿಮಾನ

ನಮ್ಮ ಕಡೆಯವರಿಗೆ ವಸ್ತಿ ಬಸ್ಸು ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಒಂಬತ್ತರ ಸುಮಾರಿಗೆ ಊರಿಗೆ ಬಂದು, ಡ್ರೈವರ್ ಕಂಡಕ್ಟರ್ ಇಬ್ಬರೂ ಅಲ್ಲೇ ಮಲಗಿ, ನಸುಕಿನಲ್ಲಿ ಹಾರ್ನ್ ಹೊಡೆದು ಹೊರಡುವ ಗಾಡಿ. ಅದೊಂದು ಇದ್ದರೆ ಶಿರಹಟ್ಟಿ ಕಡೆಯ ಹಳ್ಳಿಯವನು ಗದಗಕ್ಕೆ ಹೋಗಿ, ಕಚೇರಿ ಕೆಲಸ ಮುಗಿಸಿ, ಸಂಜೆ ಮನೆಯಲ್ಲಿ ರೊಟ್ಟಿ ಉಣ್ಣುತ್ತಾನೆ. ಅದಿಲ್ಲದೆ ನಡು ಮಧ್ಯಾಹ್ನ ಬಂದು ಹೋಗುವ ಬಸ್ಸು ನಾಲ್ಕಿದ್ದರೂ ಅವನ ಪಾಲಿಗೆ ಇದ್ದೂ ಇಲ್ಲದ ಹಾಗೆ.

ಹುಬ್ಬಳ್ಳಿ ವಿಮಾನ ನಿಲ್ದಾಣದ ಬಗ್ಗೆ ನನ್ನ ತಕರಾರೂ ಇದೇ. ಕಡಿಮೆ ದರದ ವಿಮಾನ ಸಂಸ್ಥೆ ಹೊಸ ಊರಿನ ಹೆಸರು ಹೇಳಿದ ಕೂಡಲೇ ನಾವು ಊರುಗಳನ್ನು ಎಣಿಸುತ್ತೇವೆ. ಐದಿತ್ತು, ಏಳಾಯಿತು, ಇನ್ನೇನು ಹತ್ತು ಅಂತ. ಎಷ್ಟು ಹೊತ್ತಿಗೆ ಬರುತ್ತದೆ, ವಾರದಲ್ಲಿ ಎಷ್ಟು ದಿನ, ರಾತ್ರಿ ಎಲ್ಲಿ ಮಲಗುತ್ತದೆ ಅನ್ನುವ ಮೂರು ಪ್ರಶ್ನೆ ಕೇಳುವವರು ಕಡಿಮೆ. ನನ್ನ ಪ್ರಕಾರ ಮೂರನೆಯದೇ ಮುಖ್ಯ, ಯಾಕೆಂದರೆ ಮೊದಲಿನ ಎರಡಕ್ಕೆ ಬಹುಮಟ್ಟಿಗೆ ಉತ್ತರ ಅದರಲ್ಲೇ ಇದೆ.

ಇಂಥ ಸಂಸ್ಥೆಯ ಗಳಿಕೆಯೆಲ್ಲ ವಿಮಾನ ಗಾಳಿಯಲ್ಲಿದ್ದಾಗ ಮಾತ್ರ. ನೆಲದ ಮೇಲೆ ನಿಂತ ಪ್ರತಿ ನಿಮಿಷ ಖರ್ಚು. ಹಾಗಾಗಿ ಒಂದು ವಿಮಾನಕ್ಕೆ ದಿನಕ್ಕೆ ಆರೋ ಎಂಟೋ ಹಾರಾಟ ಪೋಣಿಸುತ್ತಾರೆ. ಲೆಕ್ಕಕ್ಕೆ ಒಂದು ಎಟಿಆರ್, ಅಂದರೆ ಪಂಖದ ಸಣ್ಣ ವಿಮಾನ ತಗೊಳ್ಳಿ. ಮುಂಜಾನೆ ಆರಕ್ಕೆ ಬೆಂಗಳೂರಿನಿಂದ ಎದ್ದು ಇನ್ನೊಂದು ಊರಿಗೆ ಹೋಗಿ ಬಂದು, ಆಮೇಲೆ ಹುಬ್ಬಳ್ಳಿ, ಮತ್ತೆ ಬೆಂಗಳೂರು, ಮತ್ತೆ ಬೇರೆ ಕಡೆ. ಮುಂಜಾನೆಯ ಹೊತ್ತು ಎಲ್ಲರಿಗೂ ಬೇಕು, ಆದ್ದರಿಂದ ಅದು ಹೆಚ್ಚು ದುಡ್ಡು ಹುಟ್ಟುವ ಊರಿಗೆ ಹೋಗುತ್ತದೆ. ನಮ್ಮಂಥ ಊರಿಗೆ ಉಳಿಯುವುದು ಹನ್ನೊಂದು, ಎರಡು, ಮೂರರ ಹೊತ್ತು. ಜೊತೆಗೆ ಮುಂಬೈ, ದೆಹಲಿಯಂಥ ನಿಲ್ದಾಣಗಳಲ್ಲಿ ಇಳಿಯುವ ಸ್ಲಾಟ್, ಅಂದರೆ ಗೊತ್ತುಮಾಡಿದ ಹೊತ್ತು ಸಿಗುವುದೇ ಕಷ್ಟ. ಅಲ್ಲಿ ಸಿಕ್ಕ ಹೊತ್ತಿಗೆ ಇಲ್ಲಿಯ ಹೊತ್ತು ಹೊಂದಿಕೊಳ್ಳಬೇಕು, ಅದು ಇದಕ್ಕೆ ಹೊಂದಿಕೊಳ್ಳುವುದಿಲ್ಲ.

ಪೋಣಿಸಿದ್ದರ ತೊಂದರೆ ಏನೆಂದರೆ, ಮೊದಲ ಹಾರಾಟಕ್ಕೆ 15 ನಿಮಿಷ ತಡವಾದರೆ ಅದು ಮುಂದೆ ಕರಗುವುದಿಲ್ಲ, ಬೆಳೆಯುತ್ತದೆ. ನಾಲ್ಕನೇ ಹಾರಾಟಕ್ಕೆ ಬರುವಾಗ ಮುಕ್ಕಾಲು ತಾಸು. ಸಂಜೆಯಾದಂತೆ ಪೈಲಟ್‌ಗಳ ಡ್ಯೂಟಿ ಅವಧಿ ಮುಗಿಯುತ್ತಾ ಬರುತ್ತದೆ. ಆಗ ಏನನ್ನಾದರೂ ಕೈಬಿಡಲೇಬೇಕಾದರೆ ಕತ್ತರಿ ಬೀಳುವುದು ದಿನಕ್ಕೊಂದೇ ವಿಮಾನ ಇರುವ ಸಣ್ಣ ಊರಿನ ಹೋಗಿ ಬರುವ ಜೋಡಿ ಹಾರಾಟಕ್ಕೆ. ವಿಮಾನ ರಾತ್ರಿ ನಮ್ಮಲ್ಲೇ ಮಲಗಿದ್ದರೆ ದಿನದ ಮೊದಲ ಹಾರಾಟವೇ ನಮ್ಮದು. ಹಿಂದಿನ ತಡದ ಬಾಕಿ ಅದರ ತಲೆಯ ಮೇಲೆ ಇರುವುದಿಲ್ಲ.

ಎಟಿಆರ್ ಬಂದು ನಿಂತಾಗ ಒಮ್ಮೆ ಗಮನವಿಟ್ಟು ನೋಡಿ. ಎಡಗಡೆಯ ಪಂಖ ನಿಲ್ಲುತ್ತದೆ. ಬಲಗಡೆಯ ಪಂಖವೂ ನಿಂತಿರುತ್ತದೆ, ಆದರೆ ಆ ಎಂಜಿನ್ನಿನ ಸದ್ದು ಹಲವು ಸಲ ಬರುತ್ತಲೇ ಇರುತ್ತದೆ. ದೊಡ್ಡ ವಿಮಾನದ ಬಾಲದಲ್ಲಿ ವಿದ್ಯುತ್ತಿಗೆಂದೇ ಒಂದು ಸಣ್ಣ ಎಂಜಿನ್ ಇರುತ್ತದೆ. ಎಟಿಆರ್‌ನಲ್ಲಿ ಅದಿಲ್ಲ. ಬಲಗಡೆಯ ಪಂಖಕ್ಕೆ ಬ್ರೇಕ್ ಹಾಕಿ ಎಂಜಿನ್ ಮಾತ್ರ ಓಡಿಸಿ ಒಳಗಿನ ದೀಪ, ಎಸಿ ನಡೆಸುತ್ತಾರೆ. ಇದಕ್ಕೆ ಹೋಟೆಲ್ ಮೋಡ್ ಅನ್ನುತ್ತಾರೆ. ಅದನ್ನು ಹಾಕದೆ ಇದ್ದರೆ ಏಪ್ರಿಲ್ ಮಧ್ಯಾಹ್ನ ಒಳಗೆ ಕೂತವರು ಬೆವರಿನಲ್ಲಿ ತೊಯ್ಯುತ್ತಾರೆ. ಮಂದಿ ಇಳಿಯುವುದು ಹತ್ತುವುದು ಎಡಗಡೆ ಹಿಂದಿನ ಬಾಗಿಲಿನಿಂದ, ಸಾಮಾನಿನ ದೊಡ್ಡ ಬಾಗಿಲು ಮುಂದೆ. 25ರಿಂದ 30 ನಿಮಿಷದಲ್ಲಿ ಇಳಿಸಿ, ಗುಡಿಸಿ, ಬ್ಯಾಗು ಬದಲಾಯಿಸಿ, ಭಾರದ ಲೆಕ್ಕದ ಹಾಳೆಗೆ ಪೈಲಟ್ ಸಹಿ ಹಾಕಿ ಬಾಗಿಲು ಮುಚ್ಚಬೇಕು. ಮುಂದೆ ಸಾಮಾನು, ಹಿಂದೆ ಮಂದಿ ಎಷ್ಟು ಅನ್ನುವುದರ ಮೇಲೆ ವಿಮಾನದ ಸಮತೋಲ ನಿಂತಿದೆ. ಅದಕ್ಕೇ ಸೀಟು ಖಾಲಿ ಇದೆ ಅಂತ ಎದ್ದು ಬೇರೆ ಕಡೆ ಕೂತರೆ ಗಗನಸಖಿ ವಾಪಸ್ ಕಳಿಸುವುದು, ಸಿಟ್ಟಿನಿಂದಲ್ಲ. ತಲೆ ಮೇಲಿನ ಗೂಡೂ ಚಿಕ್ಕದು. ಜೆಟ್ ವಿಮಾನದಲ್ಲಿ ಸಲೀಸಾಗಿ ಹಿಡಿಸುವ ಟ್ರಾಲಿ ಇಲ್ಲಿ ಮೆಟ್ಟಿಲ ಹತ್ತಿರವೇ ಸಾಮಾನಿನ ಖೋಲಿಗೆ ಹೋಗಬಹುದು. ಔಷಧ, ಲ್ಯಾಪ್‌ಟಾಪ್, ಕೋರ್ಟಿನ ಕಾಗದಪತ್ರ ಬೇರೆ ಕೈಚೀಲದಲ್ಲಿರಲಿ. ಪೇಢೆ ಡಬ್ಬಿ ಕೂಡ.

ಇಂಡಿಗೊ ತನ್ನ ಎಟಿಆರ್ 72-600ರಲ್ಲಿ 78 ಸೀಟು ಹಾಕಿದೆ. 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ದೇಶದೊಳಗಿನ ಹಾರಾಟದಲ್ಲಿ ಲ್ಯಾಂಡಿಂಗ್ ಶುಲ್ಕದಿಂದ ವಿನಾಯಿತಿ ಇದೆ. ಎಟಿಆರ್ ಒಂದು ತಾಸಿಗೆ ಸುಡುವ ಇಂಧನ ಸುಮಾರು 650 ಕೆಜಿ. ಏರ್‌ಬಸ್ ಎ320 ಅದರ ಮೂರೂವರೆ ಪಟ್ಟಿಗೂ ಹೆಚ್ಚು ಸುಡುತ್ತದೆ, ಹೊರುವ ಮಂದಿ ಮಾತ್ರ ಎರಡೂಕಾಲು ಪಟ್ಟು. ತಾಸು, ಒಂದೂವರೆ ತಾಸಿನ ದಾರಿಗೆ ಪಂಖದ ವಿಮಾನವೇ ಲಾಭ. ದೆಹಲಿಗೆ ಮಾತ್ರ ಅದು ಆಗದ ಮಾತು. ಗಂಟೆಗೆ 500 ಕಿ.ಮೀ. ಆಸುಪಾಸಿನ ವೇಗದಲ್ಲಿ ಮೂರು ತಾಸಿಗೂ ಮೇಲೆ ಹಿಡಿಯುತ್ತದೆ. ಅಲ್ಲಿಗೆ ಜೆಟ್ಟೇ ಬೇಕು.

ಈಗ ಈ ಲೆಕ್ಕ ನೋಡಿ. 78 ಸೀಟಿನ ಎಟಿಆರ್ ವಾರದ ಏಳೂ ದಿನ ಹಾರಿದರೆ 546 ಸೀಟು. 180 ಸೀಟಿನ ಎ320 ವಾರಕ್ಕೆ ಮೂರು ದಿನ ಹಾರಿದರೆ 540. ಸೀಟು ಹೆಚ್ಚುಕಡಿಮೆ ಅಷ್ಟೇ. ಪೇಪರಿನ ತಲೆಬರಹಕ್ಕೆ ದೊಡ್ಡ ವಿಮಾನ ಚೆಂದ. ಆದರೆ ಮಂಗಳವಾರ ಹೋಗಿ ಬುಧವಾರ ಬರಬೇಕಾದವನಿಗೆ ಸೋಮ, ಶುಕ್ರ, ಭಾನುವಾರದ ವಿಮಾನ ಕಟ್ಟಿಕೊಂಡು ಏನಾಗಬೇಕು? ಪುಣೆ, ಹೈದರಾಬಾದ್, ಚೆನ್ನೈನಂಥ ದಾರಿಗೆ ಸಣ್ಣ ವಿಮಾನ ದಿನಾ ಕೊಡಿ ಅಂತ ಕೇಳುವುದೇ ಜಾಣತನ. ಕಡಿಮೆ ದಿನದ ವಿಮಾನಕ್ಕೆ ಇನ್ನೊಂದು ರೋಗವಿದೆ. ದಿನ ಹೊಂದದ್ದಕ್ಕೆ ಮಂದಿ ಹತ್ತುವುದಿಲ್ಲ, ಮಂದಿ ಹತ್ತುವುದಿಲ್ಲ ಅಂತ ಇನ್ನೊಂದು ದಿನ ಕಡಿತವಾಗುತ್ತದೆ, ಕೊನೆಗೆ ಒಂದು ದಿನ ವೆಬ್‌ಸೈಟಿನಲ್ಲಿ ಆ ಊರೇ ಕಾಣುವುದಿಲ್ಲ.

ಇದೇನು ಹೊಸದಲ್ಲ. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಶುರುವಾದಾಗ ಅದರ ಮೊದಮೊದಲ ದಾರಿಗಳಲ್ಲಿ ಬೆಂಗಳೂರು–ಹುಬ್ಬಳ್ಳಿ ಇತ್ತು. ಆಮೇಲೆ ಅದು ಕಿಂಗ್‌ಫಿಷರ್ ಪಾಲಾಯಿತು, 2012ರಲ್ಲಿ ಕಿಂಗ್‌ಫಿಷರ್ ತಾನೇ ನೆಲ ಕಚ್ಚಿತು. ರನ್‌ವೇ 2,600 ಮೀಟರಿಗೆ ಬೆಳೆದು, 2017ರ ಡಿಸೆಂಬರ್‌ನಲ್ಲಿ ಹೊಸ ಟರ್ಮಿನಲ್ ತೆರೆದು, 2018ರಲ್ಲಿ ಒಂದರ ಹಿಂದೆ ಒಂದು ಊರಿಗೆ ವಿಮಾನ ಬಂದವು. 2019ರಲ್ಲಿ ಸ್ಟಾರ್ ಏರ್ ಹುಬ್ಬಳ್ಳಿಯಿಂದ ದೆಹಲಿ ಪಕ್ಕದ ಹಿಂಡನ್‌ಗೆ ಹಾರಿತು. 2022ರ ನವೆಂಬರಿನಲ್ಲಿ ಇಂಡಿಗೊ ನೇರ ದೆಹಲಿ ಹಾರಾಟ ಶುರುಮಾಡಿತು. 2024ರ ಮಾರ್ಚ್‌ನಲ್ಲಿ ಇನ್ನೂ ದೊಡ್ಡ ಟರ್ಮಿನಲ್ಲಿಗೆ ಶಂಕುಸ್ಥಾಪನೆಯೂ ಆಯಿತು. ಕಟ್ಟಡಕ್ಕೆ ಕೊರತೆ ಇಲ್ಲ.

ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯ ದಾರಿಗಳ ಬಗ್ಗೆ ಒಂದು ಮಾತು. ಈ ಯೋಜನೆಯಲ್ಲಿ ಒಂದಷ್ಟು ಸೀಟಿಗೆ ದರದ ಮಿತಿ, ಅದರ ನಷ್ಟ ತುಂಬಲು ಮೂರು ವರ್ಷ ಸರ್ಕಾರದ ದುಡ್ಡು. ಆ ಮೂರು ವರ್ಷ ಬೇರೆ ಸಂಸ್ಥೆಗೆ ಆ ದಾರಿ ಕೊಡುವುದಿಲ್ಲ. ಮೂರು ವರ್ಷದ ಗಡಿ ದಾಟುವುದೇ ಪರೀಕ್ಷೆ. ಮಹಾಲೇಖಪಾಲರ 2023ರ ವರದಿ ಹೇಳುವ ಪ್ರಕಾರ ಹಂಚಿಕೆಯಾದ 774 ದಾರಿಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಅದರಾಚೆಗೂ ನಡೆದದ್ದು 54. ಹಾಗಾಗಿ ಉದ್ಘಾಟನೆಯ ರಿಬ್ಬನ್ ನೋಡಿ ಹಿಗ್ಗಬೇಡಿ, ನಾಲ್ಕನೇ ವರ್ಷ ನೋಡಿ.

ವಸ್ತಿ ವಿಮಾನಕ್ಕೆ ಏನೇನು ಬೇಕು? ರಾತ್ರಿಯಿಡೀ ನಿಲ್ಲಲು ಒಂದು ಜಾಗ, ಅದಕ್ಕೆ ಕಾವಲು. ಮುಂಜಾನೆ ಹೊರಡುವ ಮೊದಲು ತಪಾಸಣೆ ಮಾಡಿ ಸಹಿ ಹಾಕುವ ಲೈಸೆನ್ಸ್ ಇರುವ ಎಂಜಿನಿಯರ್. ಟೈರು, ಬ್ರೇಕಿನಂಥ ಬಿಡಿಭಾಗ ಇಲ್ಲೇ ದಾಸ್ತಾನು, ಇಲ್ಲದಿದ್ದರೆ ಒಂದು ಟೈರಿಗೆ ಇನ್ನೊಂದು ವಿಮಾನದ ದಾರಿ ಕಾಯಬೇಕು. ನಸುಕಿನ ಐದಕ್ಕೆ ಎಟಿಸಿ (ವಿಮಾನಗಳ ಏರಿಳಿತ ನಿಯಂತ್ರಿಸುವವರು), ಅಗ್ನಿಶಾಮಕ, ಭದ್ರತಾ ತಪಾಸಣೆ ಮೂರೂ ಪಾಳಿ ಹಾಜರಿರಬೇಕು, ಅಂದರೆ ನಿಲ್ದಾಣದ ಕೆಲಸದ ಅವಧಿ ಎರಡೂ ಕಡೆ ಹಿಗ್ಗಬೇಕು. ಸಿಬ್ಬಂದಿಗೆ ಹೋಟೆಲ್ ಖೋಲಿ. ವಸ್ತಿ ಬಸ್ಸಿನಲ್ಲಿ ರಾತ್ರಿ ತಂದ ಡ್ರೈವರೇ ಮುಂಜಾನೆ ಒಯ್ಯುತ್ತಾನೆ, ಇಲ್ಲಿ ಅದು ನಡೆಯದಿರಬಹುದು. ರಾತ್ರಿ ಹತ್ತಕ್ಕೆ ಇಳಿದ ಪೈಲಟ್‌ಗೆ ಕಾನೂನಿನ ವಿಶ್ರಾಂತಿ ಮುಗಿಯದೆ ಮುಂಜಾನೆ ಆರಕ್ಕೆ ಏರುವಂತಿಲ್ಲ. ಎರಡು ಜೋಡಿ ಸಿಬ್ಬಂದಿ ಸರದಿಯಲ್ಲಿ ಬೇಕು. ಸಂಸ್ಥೆ ಹಿಂದೆಮುಂದೆ ನೋಡುವುದು ಹೆಚ್ಚಾಗಿ ಈ ಖರ್ಚಿಗೆ. ಆದರೆ ದೊಡ್ಡ ನಗರಗಳಲ್ಲಿ ರಾತ್ರಿ ನಿಲ್ಲಿಸಲು ಜಾಗದ ಬರ ಇದೆ, ನಮ್ಮಲ್ಲಿ ಇಲ್ಲ. ಚೌಕಾಸಿ ಮಾಡಲು ನಮ್ಮ ಕೈಲಿರುವ ಇಸ್ಪೀಟು ಎಲೆ ಅದೇ.

ಹವಾಮಾನದ ತಲೆನೋವೂ ಇದೆ. ಏಪ್ರಿಲ್, ಮೇ ಸಂಜೆ ಅಡ್ಡಮಳೆ ಗುಡುಗಿದರೆ ರಾತ್ರಿ ಬರಬೇಕಾದ ವಿಮಾನ ಬೇರೆ ಊರಿಗೆ ತಿರುಗುತ್ತದೆ. ಆಗ ಹೋಗುವುದು ಒಂದಲ್ಲ, ಎರಡು ಹಾರಾಟ: ಆ ರಾತ್ರಿಯದು, ಮರುದಿನ ಮುಂಜಾನೆಯದು. ಇಷ್ಟಾದರೂ ವರ್ಷದ ಲೆಕ್ಕದಲ್ಲಿ ವಸ್ತಿಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಯಾಕೆಂದರೆ ಬೆಂಗಳೂರಿಗೆ ನಡು ಹಗಲಿನ ವಿಮಾನ ರೈಲಿನ ಮುಂದೆ ನಿಲ್ಲುವುದಿಲ್ಲ. ರಾಣಿ ಚೆನ್ನಮ್ಮದಲ್ಲಿ ಮಲಗಿ ಎದ್ದರೆ ಬೆಂಗಳೂರು, ಹೋಟೆಲ್ ಖರ್ಚೂ ಉಳಿತಾಯ. 2023ರ ಜೂನ್‌ನಿಂದ ವಂದೇ ಭಾರತ್ ಬೇರೆ. ದೇವನಹಳ್ಳಿಯಲ್ಲಿ ಇಳಿದು ಮೆಜೆಸ್ಟಿಕ್ ತಲುಪಲು ಮತ್ತೆ 35 ಕಿ.ಮೀ. ಮೇಲೆ ಟ್ರಾಫಿಕ್. ವಿಮಾನ ಗೆಲ್ಲುವುದು ಮುಂಜಾನೆ ಹೋಗಿ ರಾತ್ರಿ ಬರುವವನಿಗೆ, ಇಲ್ಲವೇ ಬೆಂಗಳೂರಿನಿಂದ ಮುಂದೆ ಹಾರುವವನಿಗೆ. ಧಾರವಾಡದ ಹೈಕೋರ್ಟ್ ಪೀಠಕ್ಕೆ ಬರುವ ವಕೀಲರು, ಐಐಟಿಗೆ ಬರುವವರು, ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳು ಎಲ್ಲರದೂ ಇದೇ ಗಿರಾಕಿತನ. ಅಂದ ಹಾಗೆ ಸರಕಿನ ಮಾತು ಬಂದಾಗಲೆಲ್ಲ ಬ್ಯಾಡಗಿ ಮೆಣಸಿನಕಾಯಿ ಅನ್ನುತ್ತಾರೆ. ಅದು ಚೀಲಗಟ್ಟಲೆ ಜಾಗ ತಿನ್ನುವ ಸರಕು, ಲಾರಿಗೇ ಸರಿ. ಹಗುರ ಇದ್ದು ಬೆಲೆ ಹೆಚ್ಚಿರುವ ತರಕಾರಿ ಬೀಜ, ಹಾವೇರಿಯ ಏಲಕ್ಕಿ ಮಾಲೆ ವಿಮಾನಕ್ಕೆ ಒಪ್ಪುತ್ತವೆ.

ಹೊಸ ದಾರಿ ಗಟ್ಟಿಯೋ ಜೊಳ್ಳೋ ಅಂತ ಮನೆಯಲ್ಲೇ ಕೂತು ನೋಡಬಹುದು. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆರಡು. ಮಾರ್ಚ್ ಕೊನೆಯ ಭಾನುವಾರದಿಂದ ಬೇಸಿಗೆಯದು, ಅಕ್ಟೋಬರ್ ಕೊನೆಯ ಭಾನುವಾರದಿಂದ ಚಳಿಗಾಲದ್ದು. ಸಂಸ್ಥೆಯ ಬೇರೆ ದಾರಿಗಳಿಗೆ ಮುಂದಿನ ಪಟ್ಟಿಯ ಟಿಕೆಟ್ ಮಾರಾಟವಾಗುತ್ತಿದ್ದು, ನಮ್ಮ ದಾರಿಗೆ ಮಾತ್ರ ಈ ಪಟ್ಟಿಯ ಕೊನೆಯ ಶನಿವಾರಕ್ಕೇ ನಿಂತಿದ್ದರೆ ಅನುಮಾನ ಪಡಿ. ದಿನಗಳ ಜಾಗದಲ್ಲಿ 1357 ಅಂತಿದ್ದರೆ ಸೋಮ, ಬುಧ, ಶುಕ್ರ, ಭಾನು ಅಂತ ಅರ್ಥ.

ಬೆಂಗಳೂರಿನಲ್ಲಿ ವಿಮಾನ ಬದಲಿಸುವುದಿದ್ದರೆ ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಲಿ. ಐನೂರು ರೂಪಾಯಿ ಉಳಿಯುತ್ತದೆ ಅಂತ ಬೇರೆ ಬೇರೆ ತೆಗೆದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಆ ದುಡ್ಡು ಮುಳುಗಿದ ಹಾಗೆಯೇ. ಏಜೆಂಟರ ಹತ್ತಿರ ಟಿಕೆಟ್ ಮಾಡಿಸುವಾಗ ನಿಮ್ಮದೇ ಮೊಬೈಲ್ ನಂಬರ್ ಹಾಕಿಸಿ. ಅವರು ತಮ್ಮ ನಂಬರ್ ಹಾಕಿದರೆ ರದ್ದಾದ ಸಂದೇಶ ಅವರಿಗೆ ಹೋಗುತ್ತದೆ, ನೀವು ಗೋಕುಲ ರಸ್ತೆಗೆ ಹೋಗಿ ನಿಲ್ಲುತ್ತೀರಿ. ಸರಿಯಾದ ನಂಬರ್ ಕೊಡದವರಿಗೆ ಪರಿಹಾರವೂ ಇಲ್ಲ. ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ನಿಯಮದಲ್ಲಿ ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ ಟಿಕೆಟ್ ದುಡ್ಡು ವಾಪಸ್ ಅಥವಾ ಬದಲಿ ವಿಮಾನ, ಅದರ ಮೇಲೆ ಒಂದು ತಾಸಿನೊಳಗಿನ ದಾರಿಗೆ 5,000, ಎರಡು ತಾಸಿನೊಳಗಿನದಕ್ಕೆ 7,500, ಅದಕ್ಕೂ ಉದ್ದದ್ದಕ್ಕೆ 10,000 ರೂಪಾಯಿ ಪರಿಹಾರ. ಆದರೆ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆಯಾದರೆ ಅಷ್ಟೇ ಸಿಗುತ್ತದೆ. ಮಳೆ, ಮಂಜಿಗೆ ಪರಿಹಾರ ಇಲ್ಲ. ಆರು ತಾಸಿಗಿಂತ ಹೆಚ್ಚು ತಡ ಅಂದರೆ ಪೂರ್ತಿ ದುಡ್ಡು ವಾಪಸ್ ಕೇಳಬಹುದು.

ಇನ್ನು ವಸ್ತಿ ವಿಮಾನ ಬಂದೇ ಬಿಟ್ಟಿತು ಅಂದುಕೊಳ್ಳಿ. ಮುಂಜಾನೆ 6.45ಕ್ಕೆ ಹೊರಡುವುದಾದರೆ ಕೌಂಟರ್ ಒಂದು ತಾಸು ಮೊದಲು, 5.45ಕ್ಕೆ ಮುಚ್ಚುತ್ತದೆ. ಗದಗಿನಿಂದ ಹೆಚ್ಚುಕಡಿಮೆ 60 ಕಿ.ಮೀ., ಹಾವೇರಿಯಿಂದ 75. ಆ ಊರವರು ಮನೆ ಬಿಡಬೇಕಾದ್ದು ನಾಲ್ಕರೊಳಗೆ. ಚಿಗರಿ ಬಸ್ಸು ಓಡುವುದು ಹುಬ್ಬಳ್ಳಿ–ಧಾರವಾಡದ ನಡುವೆ, ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಬಾಗಿಲಿಗಲ್ಲ. ಬಾಡಿಗೆ ಕಾರಿಗೆ ಕೊಡುವ ದುಡ್ಡು ಕೆಲವು ಸಲ ಟಿಕೆಟ್ಟಿನಷ್ಟೇ ಆಗುತ್ತದೆ. ಗದಗಿನಿಂದ ಒಂದು, ಹಾವೇರಿಯಿಂದ ಒಂದು, ನಸುಕಿನ ಮೂರೂಮುಕ್ಕಾಲಿಗೆ ಬಿಟ್ಟು ನೇರ ಟರ್ಮಿನಲ್ ಮುಂದೆ ನಿಲ್ಲುವ ಬಸ್ಸು ಬೇಕು. ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಇರುವುದೂ ಇದೇ ಗೋಕುಲ ರಸ್ತೆಯಲ್ಲಿ. ಅರ್ಜಿ ಕೊಡಲು ದೂರ ಹೋಗಬೇಕಿಲ್ಲ.