ಒಂಬತ್ತು ತಿಂಗಳ ಕಾಂಗ್ರೆಸ್ಸಿಗರು

ಪಕ್ಷ ಬಿಟ್ಟು ಹೋದವರು ‘ಮರಳಿ ಗೂಡಿಗೆ’ ಬಂದರೆಂಬ ಸುದ್ದಿ ಪತ್ರಿಕೆಯಲ್ಲಿ ಕಾಣಿಸಿದಾಗಲೆಲ್ಲ ಜಗದೀಶ ಶೆಟ್ಟರ್ ಅವರ ಮೇಲಿನ ನನ್ನ ಗೌರವ ಇಮ್ಮಡಿಯಾಗುತ್ತದೆ. ಹೋಗುವುದನ್ನೂ ಬರುವುದನ್ನೂ ಅವರಷ್ಟು ಅಚ್ಚುಕಟ್ಟಾಗಿ ಮುಗಿಸಿದವರು ಕಡಿಮೆ. 1994ರಿಂದ ಹುಬ್ಬಳ್ಳಿಯಲ್ಲಿ ಬಿಜೆಪಿಯಿಂದಲೇ ಸತತ ಆರು ಬಾರಿ ಗೆದ್ದು, ವಿರೋಧ ಪಕ್ಷದ ನಾಯಕ, ಸಭಾಧ್ಯಕ್ಷ, ಮುಖ್ಯಮಂತ್ರಿ ಎಲ್ಲವೂ ಆಗಿ, ಆಮೇಲೆ 2019ರಲ್ಲಿ ಇನ್ನೊಬ್ಬರ ಸಂಪುಟದಲ್ಲಿ ಸಚಿವರಾಗುವಷ್ಟು ವೈರಾಗ್ಯವನ್ನೂ ತೋರಿದ ಈ ಹಿರಿಯರಿಗೆ 2023ರ ಏಪ್ರಿಲ್‌ನಲ್ಲಿ ಟಿಕೆಟ್ ಸಿಗಲಿಲ್ಲ. ಅವಮಾನವಾಯಿತೆಂದರು. ಶಿರಸಿಯವರೆಗೆ ಹೋಗಿ ಸಭಾಧ್ಯಕ್ಷರ ಕೈಗೆ ರಾಜೀನಾಮೆ ಕೊಟ್ಟರು. ಮರುದಿನವೇ ಬೆಂಗಳೂರಿನಲ್ಲಿ ಕಾಂಗ್ರೆಸ್ ಸೇರಿದರು. ಮೂರು ದಶಕಗಳ ಸಿದ್ಧಾಂತ ಆ ದಾರಿಯ ಯಾವ ನಿಲ್ದಾಣದಲ್ಲಿ ಇಳಿದುಹೋಯಿತೆಂದು ಬಿಟ್ಟು ಬಂದವರೂ ಹೇಳಲಿಲ್ಲ, ಹಾರ ಹಾಕಿದವರೂ ಕೇಳಲಿಲ್ಲ.

ಚುನಾವಣೆಯಲ್ಲಿ, ಅವರ ಶಿಷ್ಯರೆಂದೇ ಹೆಸರಾಗಿದ್ದ ಮಹೇಶ ಟೆಂಗಿನಕಾಯಿ ಎದುರು, 34 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಜನ ಬೇಡವೆಂದರೆ ಮನೆಗೆ ಹೋಗಬೇಕೆಂಬುದು ಪೌರನೀತಿ ಪುಸ್ತಕದ ಮಾತು. ನಮ್ಮಲ್ಲಿ ಅಂಥವರಿಗಾಗಿ ವಿಧಾನ ಪರಿಷತ್ತು ಇದೆ. ಆ ಕುರ್ಚಿಯ ಕಥೆಯನ್ನಂತೂ ಹೇಳಲೇಬೇಕು. ಆಗ ಖಾಲಿಯಿದ್ದ ಮೂರು ಸ್ಥಾನಗಳು, ಬಿಜೆಪಿ ಬಿಟ್ಟು ನಡೆದ ಬಾಬುರಾವ್ ಚಿಂಚನಸೂರ, ಆರ್. ಶಂಕರ್ ಮತ್ತು ಲಕ್ಷ್ಮಣ ಸವದಿ ಅವರ ರಾಜೀನಾಮೆಯಿಂದ ತೆರವಾದವು. ಪಕ್ಷಾಂತರಿಗಳು ಎದ್ದುಹೋದ ಜಾಗದಲ್ಲಿ ಇನ್ನೊಬ್ಬ ಪಕ್ಷಾಂತರಿ ಅವಿರೋಧವಾಗಿ ಬಂದು ಕೂತರು. ಏಳು ತಿಂಗಳಿಗೆ ಅವರೂ ಎದ್ದರು. ಮತ್ತೆ ಉಪಚುನಾವಣೆ, ಮತ್ತೆ ಅವಿರೋಧ ಆಯ್ಕೆ, ಈ ಸಲ ಬಸನಗೌಡ ಬಾದರ್ಲಿ. ರೈಲಿನ ಜನರಲ್ ಬೋಗಿಯಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವವರಾದರೂ ತಮ್ಮ ಊರು ಬರುವತನಕ ಕೂತಿರುತ್ತಾರೆ.

2024ರ ಜನವರಿ 25ರಂದು ದೆಹಲಿಯಲ್ಲಿ ಶೆಟ್ಟರ್ ಬಿಜೆಪಿಗೆ ಮರಳಿದಾಗ ಪಕ್ಕದಲ್ಲಿದ್ದವರು ಯಡಿಯೂರಪ್ಪ. ಶೆಟ್ಟರ್ ಗೆಲ್ಲುವುದಿಲ್ಲವೆಂದು ಬೇಕಾದರೆ ರಕ್ತದಲ್ಲಿ ಬರೆದುಕೊಡುತ್ತೇನೆ ಎಂದು ಒಂಬತ್ತು ತಿಂಗಳ ಹಿಂದೆ ಹುಬ್ಬಳ್ಳಿಯಲ್ಲಿ ಸಾರಿದ್ದವರೂ ಅವರೇ. ಮಾತು ಸುಳ್ಳಾಗಲಿಲ್ಲ, ರಕ್ತವೂ ಉಳಿಯಿತು. ಹಿರಿಯರನ್ನು ಆಕ್ಷೇಪಿಸುವಂತಿಲ್ಲ: 2012ರಲ್ಲಿ ಇದೇ ಶೆಟ್ಟರ್ ಮುಖ್ಯಮಂತ್ರಿಯಾಗಿದ್ದಾಗ ಪಕ್ಷ ಬಿಟ್ಟು ಕೆಜೆಪಿ ಕಟ್ಟಿ, ಮರುವರ್ಷದ ಚುನಾವಣೆಯಲ್ಲಿ ಬಿಜೆಪಿ 40 ಸ್ಥಾನಕ್ಕೆ ಕುಸಿಯುವುದಕ್ಕೆ ತಮ್ಮ ಕೈಲಾದಷ್ಟು ಮಾಡಿ, 2014ರಲ್ಲಿ ಹಾರ ಹಾಕಿಸಿಕೊಂಡು ಒಳಗೆ ಬಂದ ಅನುಭವಸ್ಥರು ಅವರು. ಬಾಗಿಲಿನ ಅಗುಳಿ ಎಲ್ಲಿದೆಯೆಂದು ಹೊರಗೆ ಹೋಗಿ ಬಂದವರಿಗಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ?

ಮೋದಿಯವರು ಮತ್ತೆ ಪ್ರಧಾನಿಯಾಗಬೇಕೆಂದು ಮರಳಿದೆ ಎಂದರು ಶೆಟ್ಟರ್. ಆ ದೇಶಚಿಂತೆಗೆ ಬೆಳಗಾವಿಯ ಟಿಕೆಟ್ ಒಲಿಯಿತು. ಅದು ಅವರ ಬೀಗರಾದ ಸುರೇಶ ಅಂಗಡಿಯವರ ಕ್ಷೇತ್ರ. ಅವರ ನಿಧನದ ನಂತರ ಪತ್ನಿ ಮಂಗಲಾ ಅಂಗಡಿ ಗೆದ್ದಿದ್ದರು. ‘ಹೊರಗಿನವರು’ ಎಂಬ ಕೂಗೆದ್ದಿತು, ಬೆಳಗಾವಿಯಲ್ಲಿ ನಿಮ್ಮ ವಿಳಾಸ ಯಾವುದೆಂದು ಎದುರಾಳಿಗಳು ಕೇಳಿದರು. ಹಾಗೆ ಕೇಳಿದ ಕಾಂಗ್ರೆಸ್ ಕಣಕ್ಕಿಳಿಸಿದ್ದು ಸಚಿವೆ ಲಕ್ಷ್ಮೀ ಹೆಬ್ಬಾಳ್ಕರ್ ಅವರ ಮಗನನ್ನು. ಒಂದು ಕಡೆ ಬೀಗರು, ಇನ್ನೊಂದು ಕಡೆ ಮಗ, ಮತದಾರರು 1.78 ಲಕ್ಷ ಮತಗಳ ಅಂತರದಿಂದ ಬೀಗರನ್ನು ಆರಿಸಿದರು.

ನಗುವುದಕ್ಕೂ ಈಗ ಬೇಸರವಾಗುತ್ತದೆ. ನಾಯಕರಿಗೆ ಈ ಒಂಬತ್ತು ತಿಂಗಳಲ್ಲಿ ಏನೂ ನಷ್ಟವಾಗಲಿಲ್ಲ. ಕೈ ತಪ್ಪಿದ್ದೊಂದಾದರೆ ಸಿಕ್ಕಿದ್ದು ಎರಡು. ಆದರೆ ಅವರ ಮಾತು ನಂಬಿ ಓಣಿಯಲ್ಲಿ ಜಗಳ ಕಾದು, ಹಳೆಯ ಗೆಳೆಯನನ್ನು ದ್ರೋಹಿ ಎಂದು ಬೈದು ಮಾತು ಬಿಟ್ಟ ಕಾರ್ಯಕರ್ತ ಇದ್ದಾನಲ್ಲ, ಅವನನ್ನು ಯಾರೂ ದೆಹಲಿಗೆ ಕರೆಸಿ ಶಾಲು ಹೊದಿಸಲಿಲ್ಲ. ಇಂದು ಯಾರಿಗೆ ಜೈ ಎನ್ನಬೇಕೆಂದು ಅವನಿಗೊಂದು ಫೋನ್ ಮಾಡಿ ತಿಳಿಸುವ ಸೌಜನ್ಯವೂ ಯಾವ ಪಕ್ಷಕ್ಕೂ ಇಲ್ಲ. ಅವನೂ ಬೆಳಿಗ್ಗೆ ನಮ್ಮ ಹಾಗೆ ಪತ್ರಿಕೆ ನೋಡಿಯೇ ತಿಳಿದುಕೊಳ್ಳಬೇಕು.