ಮೊದಲು ನೀವು ಹಾಕಿ, ಆಮೇಲೆ ನಾವು ಕೊಡ್ತೀವಿ

ಮೊನ್ನೆ ಭಾನುವಾರ ಊರಲ್ಲಿದ್ದೆ. ರಾತ್ರಿಯೆಲ್ಲ ಮಳೆ. ಬೆಳಗ್ಗೆ ಎದ್ದು ಅಣ್ಣನ ಹೊಲಕ್ಕೆ ಹೋದರೆ ಮಳೆನೀರು ಹಿಡಿಯೋಕೆ ತೋಡಿದ ಕೃಷಿ ಹೊಂಡ ತುಂಬಿ ತುಳುಕುತ್ತಿದೆ. (ಅಣ್ಣ ಅಂದರೆ ದೊಡ್ಡಮ್ಮನ ಮಗ. ನನ್ನ ಪೋಸ್ಟ್‌ಗಳಲ್ಲಿ ಆಗಾಗ ಬರುವ ಅದೇ ಆಸಾಮಿ.) ಕೆಂಪು ನೀರು, ಅಂಚಿನಲ್ಲಿ ಕಪ್ಪೆಗಳ ಕಛೇರಿ. ಖುಷಿಯಾಗಿ ಫೋಟೊಗೆ ಮೊಬೈಲ್ ಎತ್ತಿದೆ. ನಡುವೆ ಸರ್ಕಾರದ ಕೃಷಿ ಭಾಗ್ಯ ಯೋಜನೆಯ ಬೋರ್ಡು ಅಡ್ಡ ಬಂತು. ಅಣ್ಣನ ಹೆಸರು, ಸರ್ವೆ ನಂಬರು, ಹೊಂಡದ ಅಳತೆ, ಕೆಳಗೆ ದಪ್ಪಕ್ಷರದಲ್ಲಿ ‘ಸಹಾಯಧನ ಶೇ. 80’. ಖುಷಿ ಅಲ್ಲಿಗೆ ಇಳಿಯಿತು.

ಯಾವ ಆಫೀಸು, ಯಾವ ಸಾಹೇಬರು ಅಂತ ಕೇಳಬೇಡಿ. ಅಣ್ಣ ನಾಳೆಯೂ ಅದೇ ಬಾಗಿಲಿಗೆ ಹೋಗಬೇಕು. ಲೆಕ್ಕ ಮಾತ್ರ ಹೇಳ್ತೀನಿ.

ತೋಡೋಕೆ ಜೆಸಿಬಿ, ನೀರು ಇಂಗದ ಹಾಗೆ ಹೊಂಡಕ್ಕೆ ಹಾಸೋ ಟಾರ್ಪಲ್ ಎಲ್ಲ ಸೇರಿ 1 ಲಕ್ಷ. ಸರ್ಕಾರದ್ದು 80 ಸಾವಿರ, ಅಣ್ಣನದು 20 ಸಾವಿರ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಸರ್ಕಾರದ ಪಾಲು ಕೆಲಸ ಮುಗಿದ ಮೇಲೆ. ಜೆಸಿಬಿಯವನು ಗಂಟೆ ಲೆಕ್ಕದಲ್ಲಿ ಅವತ್ತೇ ಕೈಯೊಡ್ಡುತ್ತಾನೆ. ಅವನಿಗೆ ‘ಫೈಲು ಮೇಲೆ ಹೋಗಿದೆ’ ಅಂದರೆ ನಡೆಯುತ್ತಾ? ತನ್ನ 20 ಸಾವಿರಕ್ಕೆ ಅಣ್ಣ ಎರಡು ಟಗರು ಮಾರಿದ. ಸರ್ಕಾರದ 80 ಸಾವಿರವನ್ನು ತಾನೇ ಸಾಲ ತಂದು ಹಾಕಿದ. ನೂರಕ್ಕೆ ಮೂರು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 2,400.

ಫೋಟೊ ತೆಗೆದುಕೊಂಡು ಹೋದರು. ತೋಡುವ ಮೊದಲು ಒಂದು, ತೋಡಿದ ಮೇಲೆ ಒಂದು, ಬೋರ್ಡಿನ ಪಕ್ಕ ನಿಲ್ಲಿಸಿ ಒಂದು. ‘ಸ್ವಲ್ಪ ನಗ್ರೀ ಗೌಡ್ರೆ’ ಅಂದರಂತೆ. ನಕ್ಕ ಪುಣ್ಯಾತ್ಮ. ಹಣ ಬಂದಿದ್ದು ಹನ್ನೊಂದು ತಿಂಗಳಾದ ಮೇಲೆ. ಬಡ್ಡಿ 26,400. ಈಗ ನೀವೇ ಹೇಳಿ, ಸರ್ಕಾರ ಅಣ್ಣನಿಗೆ ಸಹಾಯ ಮಾಡಿತೋ, ಅಣ್ಣ ಸರ್ಕಾರಕ್ಕೆ ಕೈಗಡ ಕೊಟ್ಟನೋ? ಇದಕ್ಕೆ ಸಹಾಯಧನ ಅನ್ನೋ ಬದಲು ಸಹನೆಧನ ಅಂದಿದ್ದರೆ ಸರಿಹೋಗುತ್ತಿತ್ತು.

ಹೂಂ, ಇಲ್ಲೇ ಒಂದು ಒಪ್ಪಿಕೊಂಡುಬಿಡ್ತೀನಿ. ಆ 80 ಸಾವಿರಕ್ಕೆ ಅಣ್ಣ ಮೊದಲು ಫೋನ್ ಮಾಡಿದ್ದು ನನಗೇ. ‘ಇಎಂಐ ಇದೆ ಕಣಣ್ಣ’ ಅಂದೆ. ಸುಳ್ಳೇನಲ್ಲ. ಅದೇ ತಿಂಗಳು ದೊಡ್ಡ ಟಿವಿ ತಂದೆ ಅನ್ನೋದೂ ಸುಳ್ಳಲ್ಲ.

ರೈತ ತನ್ನ ಪಾಲು ಹಾಕಬಾರದು ಅಂತ ನಾನು ಹೇಳುತ್ತಿಲ್ಲ. ಹಾಕಲಿ. 2001ರಲ್ಲಿ ಮಣ್ಣು-ನೀರು ಉಳಿಸೋಕೆ ಅಂತ ವಿಶ್ವಬ್ಯಾಂಕ್ ನೆರವಿನ ಸುಜಲ ಯೋಜನೆ ತುಮಕೂರು, ಕೋಲಾರ, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಿಗೆ ಬಂದಾಗಲೂ ರೈತರ ಪಾಲು ಇತ್ತು. ಅಪ್ಪ ತನ್ನ ಪಾಲನ್ನು ಮೈ ದುಡಿಮೆಯಲ್ಲೇ ತೀರಿಸಿದ. ಬುಟ್ಟಿಯಲ್ಲಿ ಮಣ್ಣು ಹೊತ್ತು ಬದು ಹಾಕಿದ. ಆ ಬದುವಿನ ಮೇಲಿನ ಹೊಂಗೆ ಮರದಡಿಯೇ ನಾವು ಇವತ್ತಿಗೂ ಬುತ್ತಿ ಬಿಚ್ಚೋದು. ಕೃಷಿ ಭಾಗ್ಯ 2014ರಲ್ಲಿ ಶುರುವಾಗಿ, ಮಧ್ಯೆ ನಿಂತು, 2023-24ರಲ್ಲಿ ಮತ್ತೆ ಬಂತು. ಹೊಂಡಕ್ಕೆ ಸಾಮಾನ್ಯ ವರ್ಗಕ್ಕೆ 80, ಪರಿಶಿಷ್ಟರಿಗೆ 90 ಪರ್ಸೆಂಟು. ಪರ್ಸೆಂಟಿನ ಬಗ್ಗೆ ನನಗೆ ತಕರಾರೇ ಇಲ್ಲ. ನನ್ನ ತಕರಾರು ಇರೋದು ದುಡ್ಡು ಯಾವಾಗ ಬರುತ್ತೆ ಅನ್ನೋದರ ಬಗ್ಗೆ.

ಯೂರಿಯಾನೇ ತಗೊಳ್ಳಿ. 45 ಕೆಜಿ ಚೀಲಕ್ಕೆ ಅಂಗಡಿಯಲ್ಲಿ 266 ರೂಪಾಯಿ 50 ಪೈಸೆ. ನಿಜವಾದ ಬೆಲೆ ಅದರ ಎಷ್ಟೋ ಪಟ್ಟು. ಉಳಿದದ್ದನ್ನು ಸರ್ಕಾರ ಕಂಪನಿಗೆ ಕೊಟ್ಟುಕೊಳ್ಳುತ್ತದೆ. ‘ಪೂರ್ತಿ ದುಡ್ಡು ಕೊಟ್ಟು ಚೀಲ ಒಯ್ಯಿ, ಬೆಳೆಗೆ ಎರಚಿದ ಫೋಟೊ ಕಳಿಸು, ಬರೋ ವರ್ಷ ನೋಡೋಣ’ ಅಂತ ಯಾರಾದರೂ ಅಂದಿದ್ದಾರಾ? ಅಂದರೆ ಮಾರನೇ ದಿನವೇ ರಸ್ತೆ ತಡೆ. ಮಣ್ಣಿಗೆ ಗೊಬ್ಬರ ಸುರಿಯೋಕೆ ಮುಂಗಡವೇ ರಿಯಾಯಿತಿ, ಆ ಮಣ್ಣು ಕೊಚ್ಚಿ ಹೋಗದ ಹಾಗೆ ತಡೆಯೋಕೆ ‘ಮೊದಲು ನೀವು ಹಾಕಿ’.

ಈಗ ಒಬ್ಬರು ಕಾಮೆಂಟ್ ಹಾಕೇ ಹಾಕ್ತಾರೆ, ಯಾರು ಅಂತಲೂ ಗೊತ್ತು. ‘ಮೊದಲೇ ಕೊಟ್ಟರೆ ನುಂಗಿ ಹಾಕ್ತಾರೆ ಸಾರ್.’ ನುಂಗೋರು ಇಲ್ಲ ಅಂತ ನಾನೆಲ್ಲಿ ಅಂದೆ? ನಮ್ಮ ಚಿಕ್ಕಪ್ಪನ ಹೊಂಡದ ಟಾರ್ಪಲ್ ಈಗ ಕೊಟ್ಟಿಗೆ ಮೇಲಿದೆ. ಹಸುಗಳು ನೆನೆಯುತ್ತಿಲ್ಲ, ಅಷ್ಟು ಪುಣ್ಯ. ಆದರೆ ಅವನಿಗೂ ಹಣ ಬಂದಿದ್ದು ಫೋಟೊ ಹಿಡಿದ ಮೇಲೇ ಸ್ವಾಮಿ! ತಡವಾಗಿ ಕೊಟ್ಟಿದ್ದರಿಂದ ಯಾವ ಕಳ್ಳತನ ನಿಂತಿತು? ಮನೆ ಕಟ್ಟೋ ಸ್ಕೀಮಿನಲ್ಲಿ ತಳಪಾಯಕ್ಕೊಂದು ಬಿಲ್ಲು, ಲಿಂಟಲ್‌ಗೊಂದು, ಚಾವಣಿಗೊಂದು ಅಂತ ಕೊಡ್ತಾರಲ್ಲ, ಹಾಗೆ ಹೊಂಡಕ್ಕೂ ಕೊಡಲಿ. ಗುರುತು ಹಾಕಿದಾಗ ಒಂದಿಷ್ಟು, ತೋಡಿದಾಗ ಒಂದಿಷ್ಟು. ಫೋಟೊ ಹೇಗೂ ಹಿಡೀತಾರೆ.

ನನಗೆ ಜಾಸ್ತಿ ಉರಿಯೋದು ಅಣ್ಣನ ವಿಷಯಕ್ಕೂ ಅಲ್ಲ. ಅವನಿಗೆ ಮಾರೋಕೆ ಟಗರಾದರೂ ಇದ್ದವು, ಸಾಲ ಕೊಡೋರೂ ಇದ್ದರು. ಅವನ ಹೊಲದ ಮೇಲ್ಗಡೆ ಒಬ್ಬ ಅಜ್ಜಿಯ ಎರಡೆಕರೆ ಇದೆ. ಒಳ್ಳೆ ಇಳಿಜಾರು, ಒಂದೇ ಒಂದು ಬದುವಿಲ್ಲ. ಪಹಣಿ ಇನ್ನೂ ತೀರಿಹೋದ ಗಂಡನ ಹೆಸರಲ್ಲಿ. ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳೋ ಪೌತಿ ಖಾತೆಗೆ ಓಡಾಡೋರಿಲ್ಲ, ಮುಂಗಡ ಹಾಕೋಕೆ ದುಡ್ಡಿಲ್ಲ. ಹೀಗಾಗಿ ಅರ್ಜಿಯ ತಂಟೆಗೇ ಹೋಗಿಲ್ಲ. ಒಂದೆಕರೆ ಮೇಲೆ ಒಂದಿಂಚು ಮಳೆ ಬಿದ್ದರೆ ಅದು 1 ಲಕ್ಷ ಲೀಟರಿಗೂ ಜಾಸ್ತಿ ನೀರು. ಮೊನ್ನೆ ರಾತ್ರಿ ಅಷ್ಟೂ ನೀರು ಅಜ್ಜಿಯ ಹೊಲವನ್ನು ಕೆರೆದುಕೊಂಡು ಬಂದಿದೆ. ಕಡಲೆಕಾಯಿ ಬಿತ್ತೋಕೆ ಅಂತ ಉತ್ತಿದ್ದ ನೆಲದಲ್ಲಿ ಮೊಣಕಾಲುದ್ದದ ಕೊರಕಲು, ತಳದಲ್ಲಿ ಬರೀ ನೊರಜುಗಲ್ಲು.

ಹೊಂಡದಲ್ಲಿ ಕೆಂಪು ನೀರು ಅಂದೆನಲ್ಲ, ನಾನು ಖುಷಿಪಟ್ಟಿದ್ದು? ಅದು ಆ ಅಜ್ಜಿಯ ಮಣ್ಣು. ಬರೋ ಬೇಸಿಗೆಗೆ ಅದು ಅಣ್ಣನ ಹೊಂಡದ ಹೂಳು. ಅದನ್ನು ಎತ್ತಿಸೋಕೆ ಮತ್ತೆ ದುಡ್ಡು. ಯಾರ ಹೊಲ ಜಾಸ್ತಿ ಕೊಚ್ಚಿ ಹೋಗುತ್ತದೋ ಅವರ ಕೈಲಿ ಮೊದಲು ಹಾಕೋಕೆ ದುಡ್ಡಿಲ್ಲ. ದುಡ್ಡಿದ್ದವರ ಹೊಲಕ್ಕೆ ಆಗಲೇ ಬದು ಇದೆ, ಕಲ್ಲು ಕಟ್ಟಿದ್ದೂ ಇದೆ. ಈ ಸ್ಕೀಮು ಬರೆದವರು ಮಳೆಗಾಲದಲ್ಲಿ ಒಂದು ಸಲ ಹೊಲಕ್ಕೆ ಇಳಿದಿದ್ದರೆ ಸಾಕಿತ್ತು. ಅವರು ಬರೋದು ಮಾರ್ಚ್‌ನಲ್ಲಿ. 31ರ ಒಳಗೆ ಖರ್ಚು ತೋರಿಸಬೇಕಲ್ಲ.

ತಮಾಷೆ ಏನಪ್ಪಾ ಅಂದರೆ ಅಣ್ಣನಿಗೆ ಸಿಟ್ಟೇ ಇಲ್ಲ. ಹೊಂಡದ ದಂಡೆ ಮೇಲೆ ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದುತ್ತಾ, ‘ಈ ನೀರಿಗೆ ತೊಗರಿ ದಾಟ್ತದೆ ಬಿಡು’ ಅಂದ. ಬಡ್ಡಿ ವಿಷಯ ಎತ್ತಿದೆ. ‘ಆಯ್ತಲ್ಲ ಬಿಡೋ, ತೀರಿಸಿದ್ನಲ್ಲ’ ಅಂದ. ಆಮೇಲೆ ಕೆಳಗಿನ ಹೊಲದ ಕಡೆ ಕೈ ತೋರಿಸಿದ.

‘ಅಲ್ಲಿಗೂ ಬದು ಹಾಕ್ಸೋಣ ಅಂತಿದೀನಿ. ಅರ್ಜಿ ಕರ್ದವ್ರೆ. ಬೆಂಗ್ಳೂರಲ್ಲಿ ಎರಡು ರೂಪಾಯಿ ಬಡ್ಡಿಗೆ ಕೊಡೋರು ಯಾರಾದ್ರೂ ಇದ್ರೆ ಹೇಳೋ.’

ನಾನು ಫೋಟೊ ಸರಿಯಾಗಿ ಬಂತಾ ಅಂತ ಮೊಬೈಲ್ ನೋಡುತ್ತಾ ನಿಂತೆ.